ಆಡುವವನೇ ಕೋಚ್ ಆದರೆ ಅವನನ್ನು ಹೊರಗೆ ಕೂರಿಸುವವರು ಯಾರು?

ನಮ್ಮೂರ ಕಬಡ್ಡಿ ತಂಡಕ್ಕೆ ಬೇರೆ ಕೋಚ್ ಇಲ್ಲ. ಒಬ್ಬ ಅಣ್ಣ ಇದ್ದಾನೆ. ಸಂಜೆ ಹುಡುಗರನ್ನು ಸೇರಿಸುವುದು ಅವನೇ, ಕಾಲು ಹಿಡಿಯುವುದು ಹೇಗೆ ಅಂತ ತೋರಿಸುವುದು ಅವನೇ, ಜಾತ್ರೆ ಪಂದ್ಯಕ್ಕೆ ಏಳು ಜನರ ಹೆಸರು ಬರೆಯುವುದೂ ಅವನೇ. ಆ ಏಳರಲ್ಲಿ ಮೊದಲ ಹೆಸರು ಪ್ರತಿ ವರ್ಷ ಅವನದೇ. ವಯಸ್ಸು ನಲವತ್ತರ ಹತ್ತಿರ. ಕಳೆದ ಜಾತ್ರೆಯಲ್ಲಿ ಮೂರು ಸಲ ರೈಡ್ ಹೋದ, ಮೂರು ಸಲವೂ ಸಿಕ್ಕಿಬಿದ್ದ. ಪಿಯುಸಿ ಓದುವ ಚುರುಕು ಹುಡುಗನೊಬ್ಬ ಗೆರೆಯಾಚೆ ಟವೆಲ್ ಹಿಡಿದು ಕೂತಿದ್ದ. ಅಣ್ಣನಿಗೆ ಯಾರು ಹೇಳಬೇಕು? ಆಟ ಕಲಿಸಿದವನೇ ಅವನು.

ದೊಡ್ಡ ದುಡ್ಡಿನ ವೃತ್ತಿಪರ ಆಟಗಳಲ್ಲೂ ಹೀಗೆ ಆಟಗಾರನೇ ಕೋಚ್ ಆಗಬಹುದಾ? ಆಗಿದ್ದಾರೆ. ಚೆನ್ನಾಗಿಯೇ ಆಗಿದ್ದಾರೆ.

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡ 1966ರಲ್ಲಿ ತನ್ನ ಆಟಗಾರ ಬಿಲ್ ರಸೆಲ್‌ಗೇ ಕೋಚ್ ಕೆಲಸ ಕೊಟ್ಟಿತು. ಆ ಲೀಗಿನಲ್ಲಿ ಕೋಚ್ ಆದ ಮೊದಲ ಕರಿಯ ಮನುಷ್ಯ ಅವನು. ಮೊದಲ ವರ್ಷ ಕಪ್ ತಪ್ಪಿತು. 1968 ಮತ್ತು 1969ರಲ್ಲಿ ಎರಡು ಸಲ ಗೆದ್ದು, ಆಟ ಮತ್ತು ಕೋಚ್ ಕೆಲಸ ಎರಡನ್ನೂ ಬಿಟ್ಟು ಎದ್ದು ಹೋದ.

ನಮಗೆ ಹತ್ತಿರದ ಉದಾಹರಣೆ 2008ರ ಮೊದಲ ಐಪಿಎಲ್. ರಾಜಸ್ಥಾನ್ ರಾಯಲ್ಸ್ ಅವತ್ತು ಎಲ್ಲಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾದ ತಂಡ. ಕ್ಯಾಪ್ಟನ್ ಶೇನ್ ವಾರ್ನ್, ಕೋಚ್ ಕೂಡ ವಾರ್ನ್. ವಯಸ್ಸು 38. ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟು ವರ್ಷ ಕಳೆದಿತ್ತು. ಯೂಸುಫ್ ಪಠಾಣ್, ರವೀಂದ್ರ ಜಡೇಜ, ಸ್ವಪ್ನಿಲ್ ಅಸ್ನೋಡ್ಕರ್ ಅಂಥ ಹುಡುಗರನ್ನು ನಂಬಿ ಆಡಿಸಿದ, ತಾನೂ 19 ವಿಕೆಟ್ ತೆಗೆದ. ಫೈನಲ್‌ನಲ್ಲಿ ಚೆನ್ನೈ ವಿರುದ್ಧ ಕೊನೆಯ ಎಸೆತದಲ್ಲಿ ಗೆದ್ದಾಗ ಕ್ರೀಸಿನಲ್ಲಿದ್ದ ಇಬ್ಬರಲ್ಲಿ ಒಬ್ಬ ಇದೇ ವಾರ್ನ್. ಕೋಚ್ ಅಂದರೆ ಮೈದಾನಕ್ಕೆ ಕರೆದುಕೊಂಡು ಹೋಗುವ ಬಸ್ಸು ಎಂದು ಅವನು ತಮಾಷೆ ಮಾಡುತ್ತಿದ್ದ. (ಇಂಗ್ಲಿಷಿನಲ್ಲಿ ಬಸ್ಸಿಗೂ ಕೋಚ್ ಅನ್ನುತ್ತಾರೆ.)

ಆದರೆ ಒಂದು ಮಾತು. ಕ್ರಿಕೆಟ್ಟಿನಲ್ಲಿ ಕೋಚ್ ಮಾಡಬೇಕಾದ ಅರ್ಧ ಕೆಲಸವನ್ನು ಕ್ಯಾಪ್ಟನ್ ಮೊದಲಿಂದಲೂ ಮೈದಾನದ ಒಳಗೇ ಮಾಡುತ್ತಾನೆ. ಬೌಲರ್ ಬದಲಿಸುವುದು, ಫೀಲ್ಡರ್ ನಿಲ್ಲಿಸುವುದು ಎಲ್ಲ ಅವನದೇ. ಓವರ್ ಮುಗಿದಾಗ ಯೋಚಿಸಲು ಸಮಯವೂ ಸಿಗುತ್ತದೆ. ಫುಟ್‌ಬಾಲ್, ಕಬಡ್ಡಿಯಲ್ಲಿ ಅಷ್ಟು ಪುರುಸೊತ್ತಿಲ್ಲ. ರೈಡರ್ ಕೈಗೆ ಸಿಗುವುದು ಮೂವತ್ತು ಸೆಕೆಂಡು. ಎದುರಿನ ಏಳು ಜನರ ಮೇಲೆ ಕಣ್ಣಿಟ್ಟವನಿಗೆ ತನ್ನ ತಂಡದಲ್ಲಿ ಯಾರು ಸುಸ್ತಾಗಿದ್ದಾರೆ ಅನ್ನುವುದು ಕಾಣುವುದಿಲ್ಲ. 2014ರ ಮೊದಲ ಐಎಸ್ಎಲ್ ಫುಟ್‌ಬಾಲಿನಲ್ಲಿ ಡೇವಿಡ್ ಜೇಮ್ಸ್ ಕೇರಳ ಬ್ಲಾಸ್ಟರ್ಸ್ ಗೋಲಿ ಆಗಿಯೂ ಕೋಚ್ ಆಗಿಯೂ ತಂಡವನ್ನು ಫೈನಲ್ ತನಕ ಒಯ್ದ. ಅವನು ನಿಲ್ಲುತ್ತಿದ್ದದ್ದು ಗೋಲಿನ ಮುಂದೆ. ಅಲ್ಲಿಂದ ಇಡೀ ಮೈದಾನ ಕಾಣುತ್ತದೆ.

ಆದರೂ ದೊಡ್ಡ ತೊಡಕು ಕಣ್ಣಿನದಲ್ಲ, ಪಟ್ಟಿಯದು. ಯಾರು ಆಡುತ್ತಾರೆ, ಯಾರು ಕೂರುತ್ತಾರೆ ಎಂದು ಬರೆಯುವ ಪಟ್ಟಿ.

ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡ 1985ರಲ್ಲಿ ತನ್ನ ದೊಡ್ಡ ಆಟಗಾರ ಕೆನ್ನಿ ಡಾಲ್ಗ್ಲಿಶ್‌ನನ್ನೇ ಮ್ಯಾನೇಜರ್ ಮಾಡಿತು. ಅಲ್ಲಿ ಮ್ಯಾನೇಜರ್ ಅಂದರೆ ಕೋಚ್‌ಗಿಂತ ಒಂದು ಕೈ ಹೆಚ್ಚು. ಅವನು ಆ ವರ್ಷ ಎಷ್ಟೋ ಪಂದ್ಯಗಳಲ್ಲಿ ತನ್ನ ಹೆಸರನ್ನು ತಾನೇ ಬಿಟ್ಟ. ಕೊನೆಗೆ ಬೇಕಾದಾಗ ಇಳಿದು, ಚೆಲ್ಸಿ ವಿರುದ್ಧ ಗೋಲು ಹೊಡೆದು ಲೀಗ್ ಗೆಲ್ಲಿಸಿದ. ಅದೇ ತಿಂಗಳು ಎಫ್ಎ ಕಪ್ಪೂ ಬಂತು.

ಅದೇ 1985ರಲ್ಲಿ ಅಮೆರಿಕದ ಬೇಸ್‌ಬಾಲಿನಲ್ಲಿ ಪೀಟ್ ರೋಸ್ ಸಿನ್ಸಿನಾಟಿ ರೆಡ್ಸ್ ತಂಡದ ಆಟಗಾರನೂ ಹೌದು, ಮ್ಯಾನೇಜರೂ ಹೌದು. ವಯಸ್ಸು 44. ಟೈ ಕಾಬ್ ಎಂಬ ಹಳೇ ಆಟಗಾರನ ದಾಖಲೆ ಮುರಿಯಲು ಹೊರಟಿದ್ದ. ಮುರಿದ. ಬೇರೆಯವರು ಮ್ಯಾನೇಜರ್ ಆಗಿದ್ದರೆ ಆ ವಯಸ್ಸಿನವನನ್ನು ಅಷ್ಟು ಆಡಿಸುತ್ತಿದ್ದರೇ ಎಂಬುದು ನನ್ನ ಅನುಮಾನ. (1989ರಲ್ಲಿ ಬಾಜಿ ಕಟ್ಟಿದ್ದಕ್ಕೆ ಅವನಿಗೆ ಆಜೀವ ನಿಷೇಧ ಬಿತ್ತು, ಅದು ಬೇರೆ ಕತೆ.) ಅವನ ನಂತರ ಆ ಲೀಗಿನಲ್ಲಿ ಆಡುತ್ತಲೇ ಮ್ಯಾನೇಜರ್ ಆದವರು ಇಲ್ಲ.

ಡಾಲ್ಗ್ಲಿಶ್ ಥರದವರು ಸಿಗುವುದು ಅಪರೂಪ. ನಿಯಮ ಮಾಡುವಾಗ ಅಂಥವರನ್ನು ನಂಬಿ ಮಾಡಲು ಆಗುವುದಿಲ್ಲ.

ಇನ್ನು ದುಡ್ಡಿನ ವಿಷಯ. ಎನ್‌ಬಿಎಯಲ್ಲಿ ಆಟಗಾರರ ಒಟ್ಟು ಸಂಬಳಕ್ಕೆ 1984ರಿಂದ ಮಿತಿ ಬಂತು. ಆಟಗಾರನೇ ಕೋಚ್ ಆದರೆ ಕೋಚ್ ಸಂಬಳದ ಹೆಸರಲ್ಲಿ ಹಿಂಬಾಗಿಲಿನಿಂದ ಅವನಿಗೆ ಹೆಚ್ಚು ಕೊಡಬಹುದಲ್ಲ! ಅದಕ್ಕೇ ಅಲ್ಲಿ ಬಾಗಿಲು ಮುಚ್ಚಿದರು. ಬಾಸ್ಟನ್ನಿನ ಡೇವ್ ಕವೆನ್ಸ್ 1978-79ರಲ್ಲಿ ಎರಡೂ ಕೆಲಸ ಮಾಡಿದ್ದೇ ಕೊನೆ. ಐಪಿಎಲ್‌ನಲ್ಲೂ ಆಟಗಾರರ ಖರ್ಚಿಗೆ ಮಿತಿ ಇದೆ, 2025ಕ್ಕೆ ತಂಡಕ್ಕೆ 120 ಕೋಟಿ. ಇಷ್ಟು ದುಡ್ಡು ಓಡಾಡುವ ಕಡೆ ಈ ಭಯ ಸುಳ್ಳಲ್ಲ.

ಹಾಗಂತ ಪೂರ್ತಿ ಬೇಡ ಅನ್ನಲು ನನಗೆ ಮನಸ್ಸಿಲ್ಲ. ಈಗ ನಡೆಯುತ್ತಿರುವುದನ್ನೇ ನೋಡಿ. ಕೀರನ್ ಪೊಲಾರ್ಡ್ 2023ರಿಂದ ಐಪಿಎಲ್‌ನಲ್ಲಿ ಮುಂಬೈ ತಂಡದ ಬ್ಯಾಟಿಂಗ್ ಕೋಚ್, ಬೇರೆ ದೇಶದ ಲೀಗುಗಳಲ್ಲಿ ಆಟಗಾರ. ಡ್ವೇನ್ ಬ್ರಾವೊ ಕೂಡ ಚೆನ್ನೈಗೆ ಬೌಲಿಂಗ್ ಕೋಚ್ ಆಗಿದ್ದಾಗಲೇ ವೆಸ್ಟ್ ಇಂಡೀಸ್‌ನಲ್ಲಿ ಆಡುತ್ತಿದ್ದ. ನಮ್ಮ ಆರ್‌ಸಿಬಿಯ ದಿನೇಶ್ ಕಾರ್ತಿಕ್ 2024ರಲ್ಲಿ ವಿಕೆಟ್ ಹಿಂದೆ ನಿಂತವನು, 2025ರಲ್ಲಿ ಬ್ಯಾಟಿಂಗ್ ಕೋಚ್. ಆ ವರ್ಷವೇ ಕಪ್ ಬಂತು. ಪೊಲಾರ್ಡ್, ಬ್ರಾವೊ ಕಲಿಸುವ ತಂಡದಲ್ಲಿ ತಾವು ಆಡುವುದಿಲ್ಲ. ಹಾಗಾಗಿ ಆ ತಂಡದ ಪಟ್ಟಿಯಲ್ಲಿ ಅವರ ಹೆಸರಿನ ಪ್ರಶ್ನೆಯೇ ಬರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಆಡುವವನು ಕಲಿಸಲಿ. ನೆಲದ ಮೇಲೆ ಬಿದ್ದು ಎದ್ದವನಿಗೆ ಗೊತ್ತಿರುವುದು ಕುರ್ಚಿಯ ಮೇಲೆ ಕೂತವನಿಗೆ ಗೊತ್ತಿರುವುದಿಲ್ಲ. ಆಟ ಬಿಟ್ಟ ಮರುದಿನ ಏನು ಮಾಡುವುದು ಎಂದು ಒದ್ದಾಡುವ ಎಷ್ಟೋ ಕಬಡ್ಡಿ, ಫುಟ್‌ಬಾಲ್ ಆಟಗಾರರಿಗೆ ಅದೊಂದು ದಾರಿಯೂ ಆದೀತು. ಆದರೆ ಅವನು ಆಡುವ ತಂಡದ ಪಟ್ಟಿ ಬರೆಯುವ ಪೆನ್ನು ಬೇರೆಯವರ ಕೈಯಲ್ಲಿರಲಿ.

ಈ ಮಾತನ್ನು ಹೋದ ವಾರ ನಮ್ಮೂರ ಅಣ್ಣನಿಗೂ ಹೇಳಿದೆ. ಈ ಸಲದ ಜಾತ್ರೆಗೆ ಪಟ್ಟಿಯನ್ನು ಹೈಸ್ಕೂಲಿನ ಪಿಟಿ ಮೇಷ್ಟ್ರು ಬರೆಯಲಿ, ನೀನು ಹುಡುಗರಿಗೆ ಹೇಳಿಕೊಡು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರು ನನ್ನ ಹೆಸರು ಬರೀತಾರೇನೋ, ಕೇಳಿ ನೋಡು" ಅಂದ. ನಾನಿನ್ನೂ ಕೇಳಿಲ್ಲ.