ಹಳೆ ಟಾರ್ಚ್‌ಗೆ ಲ್ಯಾಪ್‌ಟಾಪ್ ಸೆಲ್ ಬೆಸೆಯಬಹುದೇ?

ಹೊನ್ನಾಳಿ ಕಡೆ ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ಹೊರಡುವವರ ಕೈಯಲ್ಲಿ ಟಾರ್ಚ್ ಬೇಕೇ ಬೇಕು. ಹಳ್ಳಿಯಲ್ಲಿ ಅದನ್ನೇ 'ಬ್ಯಾಟ್ರಿ' ಅನ್ನುತ್ತೇವೆ. ಚಾರ್ಜ್ ನಿಲ್ಲದ ಟಾರ್ಚ್‌ಗೆ ಹಳೆ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ ಬೆಸುಗೆ ಹಾಕಿದರೆ ಹೊಸದರಂತಾಗುತ್ತದೆ ಎನ್ನುವ ವಿಡಿಯೊಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಬೆಳಕು ಬರುವುದು ನಿಜ. ಆಮೇಲೆ ಏನಾಗಬಹುದು ಎಂಬುದನ್ನು ವಿಡಿಯೊ ತೋರಿಸುವುದಿಲ್ಲ.

ಅಗ್ಗದ ರೀಚಾರ್ಜ್ ಟಾರ್ಚ್‌ಗಳಲ್ಲಿ ಹಲವದರಲ್ಲಿ ಇರುವುದು 4 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ. ಬ್ಯಾಟರಿ ತುಂಬಿದರೂ ಅವುಗಳ ಚಾರ್ಜಿಂಗ್ ನಿಲ್ಲುವುದಿಲ್ಲ. ಪ್ಲಗ್ ಕೀಳುವವರೆಗೂ ಕರೆಂಟ್ ಹೋಗುತ್ತಲೇ ಇರುತ್ತದೆ. ಸೀಸದ ಬ್ಯಾಟರಿ ಇದನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಲಿಥಿಯಂ ಸೆಲ್ ಹಾಗಲ್ಲ, 4.2 ವೋಲ್ಟ್ ಮೀರಿ ಚಾರ್ಜ್ ಆಗುತ್ತಾ ಹೋದರೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಾವೋ, ಚಾರ್ಜ್‌ಗೆ ಹಾಕಿ ಮಲಗುವವರು!

ಬೆಸುಗೆಯದು ಇನ್ನೊಂದು ತೊಂದರೆ. ಸೋಲ್ಡರಿಂಗ್ ಐರನ್‌ನ ತುದಿ 300 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಸೆಲ್ ಒಳಗೆ ಪ್ಲಸ್, ಮೈನಸ್ ಪದರಗಳನ್ನು ಬೇರೆ ಇಡುವ ತೆಳು ಪ್ಲಾಸ್ಟಿಕ್ ಹಾಳೆ ಸುಮಾರು 130ಕ್ಕೇ ಕರಗತೊಡಗುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ನಿಕ್ಕಲ್ ಪಟ್ಟಿಯನ್ನು ಕ್ಷಣಮಾತ್ರದ ಸ್ಪಾಟ್ ವೆಲ್ಡಿಂಗ್‌ನಿಂದ ಕೂರಿಸುತ್ತಾರೆ.

ಟಾರ್ಚ್ ಉಳಿಸಿಕೊಳ್ಳಬೇಕೆಂದರೆ ಅದೇ 4 ವೋಲ್ಟಿನ ಸೀಸದ ಬ್ಯಾಟರಿ ತಂದು ಹಾಕಿ. ಪ್ಲಗ್ ಕಿತ್ತು, ಕೆಂಪು ವೈರ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಬೆಸೆಯಲು 25 ವ್ಯಾಟ್‌ನ ಐರನ್ ಸಾಕು.