ಪ್ರಾಮ್: ಬಡವರೇ ಹೆಚ್ಚು ತೆರುವ ರಾತ್ರಿ

ಏಪ್ರಿಲ್ ಬಂತೆಂದರೆ ಅಮೆರಿಕದ ಹೈಸ್ಕೂಲುಗಳ ಕೊನೆಯ ವರ್ಷದ ನೃತ್ಯಕೂಟವಾದ ಪ್ರಾಮ್ ನಮ್ಮ ಪತ್ರಿಕೆಗಳ ಅಂಕಣಗಳಿಗೂ ಕಾಲಿಡುತ್ತದೆ. ಎಡಿಸನ್‌ನಲ್ಲೋ ಫ್ರಿಮಾಂಟ್‌ನಲ್ಲೋ ಇರುವ ಅಣ್ಣನ ಮಗಳು ಉದ್ದನೆಯ ಗೌನು ತೊಟ್ಟು ನಿಂತ ಫೋಟೊ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಅದರ ಬೆನ್ನಿಗೇ ಸಂಸ್ಕೃತಿಯ ಚಿಂತೆಯೂ ಬರುತ್ತದೆ. ಈ ಸಲ ಅಂಕಣಕಾರ ಮಿತ್ರರೊಬ್ಬರು ತುಸು ಬೇರೆ ದಾರಿ ಹಿಡಿದಿದ್ದಾರೆ. ಅವರ ತಕರಾರು ಕುಣಿತದ ಮೇಲಲ್ಲ, ಖರ್ಚಿನ ಮೇಲೆ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ಕೆಲ್ಲೆನ್‌ಬರ್ಗ್ ಎಂಬ ಕ್ಯಾಥೊಲಿಕ್ ಹೈಸ್ಕೂಲು 2005ರಲ್ಲಿ ದುಂದು ಅತಿಯಾಯಿತೆಂದು ಪ್ರಾಮನ್ನೇ ರದ್ದು ಮಾಡಿದ್ದನ್ನು ಹಾಡಿ ಹೊಗಳಿ, ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ತಲೆಯೆತ್ತಿರುವ ಪ್ರಾಮ್‌ಗಳಿಗೂ ಇದೇ ಮದ್ದು ಎಂದು ಬರೆದಿದ್ದಾರೆ.

ರೋಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಮದ್ದು ಮಾತ್ರ ತಪ್ಪು. ಶಾಲೆ ಪ್ರಾಮ್‌ನಿಂದ ಕೈ ತೊಳೆದುಕೊಂಡರೆ ದುಂದು ಕಡಿಮೆಯಾಗುವುದಿಲ್ಲ. ಅದನ್ನು ಪ್ರಶ್ನಿಸಲು ಇದ್ದ ಒಂದೇ ಜಾಗವೂ ಇಲ್ಲವಾಗುತ್ತದೆ. ಶಾಲೆಯೇ ತನ್ನ ಕಟ್ಟಡದಲ್ಲಿ, ತನ್ನ ಜವಾಬ್ದಾರಿಯಲ್ಲಿ, ಅಗ್ಗದ ಟಿಕೆಟ್ಟಿಗೆ ಪ್ರಾಮ್ ನಡೆಸಬೇಕು. ಈ ಮಾತನ್ನು ಅಮೆರಿಕದ ದಕ್ಷಿಣದ ರಾಜ್ಯಗಳು ಬಹಳ ಕಷ್ಟಪಟ್ಟು ಕಲಿತಿವೆ.

ಮೊದಲು ಕೆಲ್ಲೆನ್‌ಬರ್ಗ್ ಕತೆಯನ್ನು ಅದರ ಜಾಗದಲ್ಲಿ ಇಡೋಣ. ಅಲ್ಲಿ 46 ವಿದ್ಯಾರ್ಥಿಗಳು ಪ್ರಾಮ್ ಮುಗಿದ ಮೇಲಿನ ಪಾರ್ಟಿಗೆಂದು ಹ್ಯಾಂಪ್ಟನ್ಸ್‌ನಲ್ಲಿ ಒಂದು ಮನೆ ಗೊತ್ತು ಮಾಡಿ 10,000 ಡಾಲರ್ ಮುಂಗಡ ಕೊಟ್ಟಿದ್ದರು. ಹ್ಯಾಂಪ್ಟನ್ಸ್ ಎಂದರೆ ನ್ಯೂಯಾರ್ಕಿನ ಸಿರಿವಂತರು ಬೇಸಿಗೆ ಕಳೆಯುವ ಕಡಲ ದಂಡೆ. ಮುಖ್ಯೋಪಾಧ್ಯಾಯರಿಗೆ ಸಿಟ್ಟು ಬಂದದ್ದು ಸಹಜ. ಕುಡಿತ, ಪ್ರಣಯಕ್ಕಿಂತ ಹಣದ ಈ ಮೆರೆದಾಟವೇ ತಮಗೆ ಅಸಹ್ಯ ಎಂದು ಅವರು ಪೋಷಕರಿಗೆ ಉದ್ದನೆಯ ಪತ್ರ ಬರೆದರು, ಪ್ರಾಮ್ ರದ್ದಾಯಿತು. ಚೆನ್ನಾಗಿಯೇ ಇದೆ. ಆದರೆ ಇದು ಉಳ್ಳವರ ಮನೆಯ ಮಕ್ಕಳ ಕತೆ. ಇದನ್ನೇ ಮಾದರಿ ಮಾಡಿಕೊಂಡವರಿಗೆ ಪ್ರಾಮ್‌ನ ಹೊರೆ ನಿಜವಾಗಿ ಯಾರ ಹೆಗಲ ಮೇಲಿದೆ ಎಂಬುದು ಕಾಣುವುದೇ ಇಲ್ಲ.

ಆ ಹೊರೆಯ ಲೆಕ್ಕ 2015ರಲ್ಲೇ ಸಿಕ್ಕಿತ್ತು. ಆ ವರ್ಷ ವೀಸಾ ಕಂಪನಿ ನಡೆಸಿದ ಸಮೀಕ್ಷೆಯ ಪ್ರಕಾರ, ಹದಿಹರೆಯದ ಮಕ್ಕಳಿರುವ ಅಮೆರಿಕನ್ ಕುಟುಂಬ ಪ್ರಾಮ್‌ಗೆಂದು ಸರಾಸರಿ 919 ಡಾಲರ್ ಖರ್ಚು ಮಾಡುವ ಅಂದಾಜಿತ್ತು. ಎಲ್ಲರೂ ಎತ್ತಿ ಆಡುವುದು ಈ 919ನ್ನು. ನಮ್ಮ ಮಿತ್ರರೂ ಅದನ್ನೇ ಹಿಡಿದು ರೂಪಾಯಿಗೆ ಪರಿವರ್ತಿಸಿ ಅಚ್ಚರಿ ಚಿಹ್ನೆ ಹಾಕಿದ್ದಾರೆ. ಅದೇ ಸಮೀಕ್ಷೆಯಲ್ಲಿ ಇನ್ನೆರಡು ಅಂಕಿಗಳಿದ್ದವು. ವರ್ಷಕ್ಕೆ 50,000 ಡಾಲರ್‌ಗಿಂತ ಹೆಚ್ಚು ಆದಾಯವಿರುವ ಕುಟುಂಬದ ಖರ್ಚು 799 ಡಾಲರ್. 25,000 ಡಾಲರ್‌ಗಿಂತ ಕಡಿಮೆ ಆದಾಯವಿರುವ ಕುಟುಂಬದ್ದು 1,393 ಡಾಲರ್.

ಅಚ್ಚಿನ ದೋಷವಲ್ಲ, ಬಡ ಕುಟುಂಬದ್ದೇ ದೊಡ್ಡ ಅಂಕಿ. ಆದಾಯದ ಪಾಲು ಎಂದು ಲೆಕ್ಕ ಹಾಕಿ ಹೆಚ್ಚು ಎನ್ನುತ್ತಿಲ್ಲ. ಎಣಿಸಿ ಕೊಡುವ ಡಾಲರುಗಳೇ ಹೆಚ್ಚು. 25,000ದ ಮನೆಗೆ ಅದು ತಿಂಗಳ ಸಂಪಾದನೆಯ ಮೂರನೇ ಎರಡು ಭಾಗ. 50,000ದ ಮನೆಗೆ 799 ಎಂದರೆ ತಿಂಗಳ ಆದಾಯದ ಐದನೇ ಒಂದು ಭಾಗಕ್ಕೂ ಕಡಿಮೆ.

ಕಾರ್ಡ್ ಕಂಪನಿ ಮಾಡಿಸಿದ ಸಮೀಕ್ಷೆಯನ್ನು ದೇವರ ವಾಕ್ಯ ಎಂದು ಒಪ್ಪಬೇಕಿಲ್ಲ. ಖರ್ಚು ಮಾಡಿಸುವುದೇ ಅದರ ಕಸುಬು. ಅದು ಕೇಳಿದ್ದು ಎಷ್ಟು ಖರ್ಚು ಮಾಡಬೇಕೆಂದಿದ್ದೀರಿ ಎಂದು. ಬಾಯಲ್ಲಿ ಹೇಳಿದಷ್ಟೂ ಜೇಬಿನಿಂದ ಬಿಚ್ಚಿರಲಿಕ್ಕಿಲ್ಲ. ಆದರೆ 2013ರಲ್ಲಿ ಅದೇ ಕಂಪನಿ ಕೇಳಿದಾಗಲೂ ವಾಲಿದ್ದು ಈ ಕಡೆಗೇ: 50,000ಕ್ಕಿಂತ ಕಡಿಮೆ ಆದಾಯದವರು 1,245 ಡಾಲರ್ ಎಂದರು, ಆಗಿನ ಸರಾಸರಿ 1,139. ಎರಡು ಸಲ ಕೇಳಿದಾಗಲೂ ಇಲ್ಲದವರೇ ಹೆಚ್ಚು ಹೇಳಿದ್ದಾರೆಂದರೆ ಅದನ್ನು ಬಡವರ ಅವಿವೇಕ ಎಂದು ತಳ್ಳಿಹಾಕುವುದಕ್ಕಿಂತ ಕಾರಣ ಹುಡುಕುವುದು ಮೇಲು.

ಮಿಸಿಸಿಪ್ಪಿಯ ಸಣ್ಣ ಊರೊಂದರಲ್ಲಿ ಹನ್ನೆರಡನೇ ತರಗತಿಯ ಹುಡುಗಿಯೊಬ್ಬಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಶಾಲೆ ಬಿಟ್ಟ ಮೇಲೆ ಬರ್ಗರ್ ಅಂಗಡಿಯ ಕಿಟಕಿಯಲ್ಲಿ ನಿಂತು ಕಾರಿನವರಿಗೆ ಪೊಟ್ಟಣ ಕೊಡುವ ಕೆಲಸ. ಆ ರಾಜ್ಯಕ್ಕೆ ತನ್ನದೇ ಕನಿಷ್ಠ ವೇತನದ ಕಾನೂನಿಲ್ಲ; ಕೇಂದ್ರದ ಗಂಟೆಗೆ 7.25 ಡಾಲರ್ ದರವೇ ಅನ್ವಯ, ಅದೂ 2009ರ ಜುಲೈನಿಂದ ಒಂದು ಸೆಂಟೂ ಏರಿಲ್ಲ. 1,393 ಡಾಲರ್ ಎಂದರೆ 192 ಗಂಟೆಯ ದುಡಿಮೆ. ವಾರಕ್ಕೆ 15 ಗಂಟೆ ಸಿಕ್ಕರೆ ಹದಿಮೂರು ವಾರ. ಜನವರಿಯ ಕೊನೆಯಲ್ಲಿ ಶುರು ಮಾಡಿದರೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ, ನಡುವೆ ಒಂದು ಪಾಳಿಯೂ ತಪ್ಪಬಾರದು. ಮೇ ಮೊದಲೆರಡು ವಾರ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳು. ಕಾಲೇಜಿಗೆ ಒಪ್ಪಿಗೆ ತಿಳಿಸಲು ವಾಡಿಕೆಯ ಗಡುವು ಮೇ 1. ಕೌಂಟರಿನ ಕೆಳಗೆ ಕೆಮಿಸ್ಟ್ರಿ ನೋಟ್ಸ್, ಮೊಬೈಲಿನಲ್ಲಿ ಗೌನಿನ ಫೋಟೊ, ಅದೇ ಬಣ್ಣ ಇನ್ಯಾರಾದರೂ ಕೊಂಡರೇನೋ ಎಂಬ ದಿಗಿಲು. ಪ್ರಾಮ್ ಕಾಲದ ದಿನಚರಿ ಎಂದರೆ ಹೆಚ್ಚೂಕಡಿಮೆ ಇಷ್ಟೇ. ಸಿನಿಮಾಗಳು ತೋರಿಸುವುದು ಕೊನೆಯ ಮೂರು ಗಂಟೆಯನ್ನು ಮಾತ್ರ.

ಪಟ್ಟಿ ಬೆಳೆಯುವ ರೀತಿ ನೋಡಿ. ಕೆಫೆಟೇರಿಯಾದ ಮೂಲೆಯ ಮೇಜಿನಲ್ಲಿ ಊಟದ ಬಿಡುವಿನಲ್ಲಿ ಟಿಕೆಟ್ ಮಾರಾಟ. ತಡವಾಗಿ ಕೊಂಡರೆ ದರ ಏರಿರುತ್ತದೆ, ಹಾಗಾಗಿ ಸಂಬಳಕ್ಕೆ ಕಾಯುವವಳಿಗೇ ದುಬಾರಿ ಟಿಕೆಟ್. ಗೌನು, ಅದರ ಅಂಚು ಏರಿಸಿ ಹೊಲಿಸುವ ಕೂಲಿ, ಹೊಂದುವ ಚಪ್ಪಲಿ, ಕೂದಲು, ಉಗುರು. ಹುಡುಗನಿಗೆ ಬಾಡಿಗೆ ಸೂಟು, ಅವನು ಇವಳ ಮುಂಗೈಗೆ ಕಟ್ಟಬೇಕಾದ ಹೂವು. ರಾತ್ರಿಯೂಟ, ಕಾರು. ಉಳ್ಳವರ ಮನೆಯಲ್ಲಿ ಇದರಲ್ಲಿ ಅರ್ಧ ಮೊದಲೇ ಇರುತ್ತದೆ: ಅಕ್ಕನ ಗೌನು, ಅಮ್ಮನ ಸರ, ಗ್ಯಾರೇಜಿನಲ್ಲಿ ಫೋಟೊಕ್ಕೆ ಒದಗುವ ಕಾರು, ಹಿಂದೆ ನಿಲ್ಲಲು ಹುಲ್ಲುಹಾಸು. ಇಲ್ಲದವರು ಪ್ರತಿಯೊಂದನ್ನೂ ಆ ಒಂದು ರಾತ್ರಿಗೆಂದೇ ಕೊಳ್ಳಬೇಕು ಅಥವಾ ಬಾಡಿಗೆಗೆ ತರಬೇಕು. 799ಕ್ಕೂ 1,393ಕ್ಕೂ ನಡುವಿನ ಅಂತರದ ಒಂದು ಪಾಲು ಇಲ್ಲಿಯೇ ಇದೆ ಎಂಬುದು ನನ್ನ ಎಣಿಕೆ.

ಇನ್ನೊಂದು ಪಾಲನ್ನು ರಶೀದಿಗಳಲ್ಲಿ ಹುಡುಕಿದರೆ ಸಿಗದು. ವೈದ್ಯರ ಮಗಳಿಗೆ ಮುಂದೆ ಕಾಲೇಜಿನ ಪದವಿ ಪ್ರದಾನವಿದೆ, ಆಮೇಲೆ ಇನ್ನೊಂದು ಪದವಿ, ಕಂಪನಿಯ ಔತಣಗಳು. ಬರ್ಗರ್ ಕಿಟಕಿಯ ಹುಡುಗಿಯ ಮನೆಯವರಿಗೆ ಅವೆಲ್ಲ ಖಾತ್ರಿಯಿಲ್ಲ. ಮಗಳನ್ನು ಸಿಂಗರಿಸಿ ಬೀದಿಯ ಎದುರು ನಿಲ್ಲಿಸಲು ಇದೊಂದೇ ಸಂಜೆ ಎಂದು ತಾಯಿಗೆ ಅನಿಸಿದರೆ ಹಾಸಿಗೆ ಇದ್ದಷ್ಟು ಕಾಲು ಚಾಚಮ್ಮ ಎಂದು ಉಪದೇಶಿಸಲು ನಾವು ಯಾರು? ಸಾಲ ಮಾಡಿ ಮಗಳ ಮದುವೆ ಮಾಡುವ ನಾಡಿನವರು ಈ ಲೆಕ್ಕ ಅರ್ಥವಾಗದಂತೆ ನಟಿಸುವುದು ನಗೆಪಾಟಲು.

ಸರ್ಕಾರಗಳಿಗೂ ಈ 1,393ರ ಅಂಕಿ ಕಣ್ಣಿಗೆ ಬಿದ್ದಂತಿಲ್ಲ. ಹೊರದೇಶದಿಂದ ಬರುವ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಅಮೆರಿಕದಲ್ಲಿ ಸುಂಕವಿರಲಿಲ್ಲ. 2016ರಲ್ಲಿ ಈ ಮಿತಿಯನ್ನು 200ರಿಂದ 800ಕ್ಕೆ ಏರಿಸಿದ್ದರು. ಶೀನ್, ಟೆಮು ಮೊದಲಾದ ಆ್ಯಪ್‌ಗಳಲ್ಲಿ ಅಗ್ಗದ ಗೌನು ಮನೆಬಾಗಿಲಿಗೆ ಬರುತ್ತಿದ್ದುದು ಈ ಕಿಂಡಿಯಿಂದಲೇ. ಚೀನಾ ಮತ್ತು ಹಾಂಗ್‌ಕಾಂಗ್‌ನ ಸರಕುಗಳಿಗೆ ಟ್ರಂಪ್ ಸರ್ಕಾರ ಈ ವಿನಾಯಿತಿ ತೆಗೆದದ್ದು 2025ರ ಮೇ 2ರಂದು, ಸರಿಯಾಗಿ ಪ್ರಾಮ್ ಕಾಲದ ನಡುವೆ. ಮಳಿಗೆಗೆ ಹೋಗಿ ಗೌನು ಕೊಳ್ಳೋಣವೆಂದರೆ ಅದೂ ಬಹುಪಾಲು ಚೀನಾದ್ದೇ; ಆಗ ಚೀನಾ ಸರಕಿನ ಮೇಲಿನ ಸುಂಕ ಕೆಲವು ವಾರಗಳ ಕಾಲ ಶೇ 145ರಲ್ಲಿತ್ತು. ಹೆಸರಾಂತ ವಿನ್ಯಾಸಕರ ಗೌನು ಕೊಳ್ಳುವವರು ಗೊಣಗಿಕೊಂಡು ಹೆಚ್ಚಿಗೆ ಕೊಡುತ್ತಾರೆ. ನಲವತ್ತು ಡಾಲರಿನ ಗೌನಿಗೆ ಕಾದಿದ್ದವರಿಗೆ ಅದರ ಕೆಳಗೆ ಇನ್ನೊಂದು ಮೆಟ್ಟಿಲಿಲ್ಲ.

ಇಷ್ಟು ಹೊರೆಯಾದರೆ ರದ್ದು ಮಾಡುವುದೇ ಒಳ್ಳೆಯದಲ್ಲವೇ ಎಂದು ಮಿತ್ರರು ಕೇಳಬಹುದು. ಶಾಲೆ ಹಿಂದೆ ಸರಿದಾಗ ಏನಾಗುತ್ತದೆ ಎಂಬುದು ಊಹೆಯ ವಿಷಯವಾಗಿ ಉಳಿದಿಲ್ಲ. ಅಮೆರಿಕದ ದಕ್ಷಿಣದಲ್ಲಿ ದಶಕಗಳ ಕಾಲ ಅದೇ ಆಗಿದೆ.

ಕರಿಯ ಮತ್ತು ಬಿಳಿಯ ಮಕ್ಕಳು ಒಂದೇ ಶಾಲೆಯಲ್ಲಿ ಓದಬೇಕೆಂದು ನ್ಯಾಯಾಲಯಗಳು ಪಟ್ಟು ಹಿಡಿದ ಮೇಲೆ ಜಾರ್ಜಿಯಾ, ಮಿಸಿಸಿಪ್ಪಿಯ ಹಲವು ಶಾಲೆಗಳು ಪ್ರಾಮ್ ನಡೆಸುವುದನ್ನೇ ಕೈಬಿಟ್ಟವು. ಪ್ರಾಮ್ ನಿಂತಿತೇ? ಪೋಷಕರು ಖಾಸಗಿಯಾಗಿ ನಡೆಸಿದರು, ಬಿಳಿಯರದ್ದು ಒಂದು, ಕರಿಯರದ್ದು ಇನ್ನೊಂದು. ಶಾಲೆಗೆ ಸಂಬಂಧವಿಲ್ಲ ಎಂಬ ಒಂದು ವಾಕ್ಯದ ಮರೆಯಲ್ಲಿ ಎಲ್ಲವೂ ನಡೆಯಿತು. ಮಿಸಿಸಿಪ್ಪಿಯ ಚಾರ್ಲ್ಸ್‌ಟನ್‌ನಲ್ಲಿ ಎಲ್ಲರಿಗೂ ಒಂದೇ ಪ್ರಾಮ್ ಮಾಡಿ, ಖರ್ಚು ನಾನು ಕೊಡುತ್ತೇನೆ ಎಂದು ನಟ ಮೋರ್ಗನ್ ಫ್ರೀಮನ್ 1997ರಲ್ಲಿ ಹೇಳಿದರು. ಊರು ಒಪ್ಪಿದ್ದು 2008ರಲ್ಲಿ. ದುಡ್ಡು ಕೊಡುವವರು ಕಾದಿದ್ದರೂ ಹನ್ನೊಂದು ವರ್ಷ ಬೇಕಾಯಿತು. ಜಾರ್ಜಿಯಾದ ವಿಲ್ಕಾಕ್ಸ್ ಕೌಂಟಿಯಲ್ಲಿ 2013ರವರೆಗೂ ಎಳೆದರು. ಒಬಾಮ ಎರಡನೇ ಸಲ ಅಧ್ಯಕ್ಷರಾದ ವರ್ಷ ಅದು. ಅಲ್ಲಿನ ನಾಲ್ವರು ಹುಡುಗಿಯರು, ಇಬ್ಬರು ಕರಿಯರು, ಇಬ್ಬರು ಬಿಳಿಯರು, ಬೇಸತ್ತು ತಾವೇ ಹಣ ಕೂಡಿಸಿ ಎಲ್ಲರಿಗೂ ಸೇರಿದ ಪ್ರಾಮ್ ಮಾಡಿದರು.

2010ರ ಇಟವಾಂಬ ಪ್ರಕರಣ ಇನ್ನೂ ಹತ್ತಿರದ ಪಾಠ, ಏಕೆಂದರೆ ಅಲ್ಲಿ ನಡೆದದ್ದು ರದ್ದತಿಯೇ. ಮಿಸಿಸಿಪ್ಪಿಯ ಆ ಹೈಸ್ಕೂಲಿನಲ್ಲಿ ಒಬ್ಬ ಹುಡುಗಿ ತನ್ನ ಗೆಳತಿಯೊಂದಿಗೆ, ತಾನು ಸೂಟು ತೊಟ್ಟು ಬರುತ್ತೇನೆಂದಳು. ಆಡಳಿತ ಮಂಡಳಿ ಪ್ರಾಮನ್ನೇ ರದ್ದು ಮಾಡಿತು. ಅವಳು ನ್ಯಾಯಾಲಯಕ್ಕೆ ಹೋದಳು. ಅವಳ ಹಕ್ಕಿಗೆ ಧಕ್ಕೆಯಾಗಿದೆ ಎಂದು ನ್ಯಾಯಾಧೀಶರು ಒಪ್ಪಿದರು. ಆದರೆ ಪೋಷಕರೇ ಎಲ್ಲರಿಗೂ ಸೇರಿ ಖಾಸಗಿಯಾಗಿ ನಡೆಸುತ್ತಾರಂತಲ್ಲ ಎಂದು ಶಾಲೆಗೆ ಆದೇಶ ಕೊಡಲಿಲ್ಲ. ಆ ರಾತ್ರಿ ಅವಳು ಹೋದ ಕಂಟ್ರಿ ಕ್ಲಬ್ಬಿನಲ್ಲಿ ಇದ್ದದ್ದು ಬೆರಳೆಣಿಕೆಯ ಮಕ್ಕಳು. ಉಳಿದವರೆಲ್ಲ ಬೇರೊಂದು ಊರಿನಲ್ಲಿ, ಅವಳಿಗೆ ಹೇಳದೆ ಏರ್ಪಡಿಸಿದ ಇನ್ನೊಂದು ಪ್ರಾಮ್‌ನಲ್ಲಿದ್ದರು. ಶಾಲಾ ಜಿಲ್ಲೆ ಆಮೇಲೆ 35,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಬೇರೆ ಊರಿನಲ್ಲಿ ಪ್ರಾಮ್ ನಡೆಸಿದ ಪೋಷಕರು? ಅವರನ್ನು ಹಿಡಿಯುವ ಯಾವ ಕಾನೂನೂ ಇರಲಿಲ್ಲ.

ನನ್ನ ವಾದವೆಲ್ಲ ನಿಂತಿರುವುದು ಇಲ್ಲಿ. ಶಾಲೆಯ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನೇನೂ ಹೇಳುತ್ತಿಲ್ಲ. ಗೈರುಹಾಜರಿ ಹೆಚ್ಚಿದ್ದವರಿಗೆ, ಗ್ರಂಥಾಲಯದ ದಂಡ ಬಾಕಿ ಇದ್ದವರಿಗೆ ಟಿಕೆಟ್ ಇಲ್ಲ ಎಂದು ಪಟ್ಟಿ ಅಂಟಿಸುವ ಶಾಲೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಆ ಪಟ್ಟಿಯಲ್ಲಿ ಯಾರ ಮಕ್ಕಳು ಹೆಚ್ಚು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಸರ್ಕಾರಿ ಶಾಲೆಯ ಮೇಲೆ ದಾವೆ ಹೂಡಬಹುದು. ರೋಡ್ ಐಲೆಂಡ್‌ನ ಕಂಬರ್‌ಲ್ಯಾಂಡ್‌ನಲ್ಲಿ ಹುಡುಗನೊಬ್ಬ 1980ರಲ್ಲೇ ಹಾಗೆ ದಾವೆ ಹೂಡಿ, ಗೆದ್ದು, ತನ್ನ ಗೆಳೆಯನೊಂದಿಗೆ ಪ್ರಾಮ್‌ಗೆ ಹೋದ. ಆಡಳಿತ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಟಿಕೆಟ್ಟಿಗೆ ಇಷ್ಟೇಕೆ, ಹೋಟೆಲ್ಲೇ ಏಕೆ, ನಮ್ಮ ಜಿಮ್ ಸಾಲದೇ ಎಂದು ಕೇಳಬಹುದು. ಕ್ಲಬ್ಬಿನ ಬಾಗಿಲಲ್ಲಿ ಈ ಪ್ರಶ್ನೆಗೆ ಕಾವಲುಗಾರನ ಉತ್ತರವಷ್ಟೇ ಸಿಗುತ್ತದೆ.

ವಿಲ್ಕಾಕ್ಸ್‌ನಲ್ಲಿ ಮುಂದೇನಾಯಿತು ಎಂಬುದನ್ನೂ ಮಿತ್ರರು ತಮ್ಮ ಮುಂದಿನ ಅಂಕಣಕ್ಕೆ ಮೊದಲು ಓದಿಕೊಳ್ಳಲಿ. 2014ರಲ್ಲಿ ಶಾಲೆಯೇ ಪ್ರಾಮ್ ನಡೆಸಲು ಮುಂದೆ ಬಂತು. ಹುಡುಗಿಯರು ಒಂದು ವರ್ಷ ತಾವೇ ಮಾಡಿ ತೋರಿಸಿದ್ದನ್ನು ಮಂಡಳಿ ಹೊತ್ತುಕೊಂಡಿತು.

ಬೆಂಗಳೂರಿನ ಮಾತಿಗೆ ಬಂದರೆ, ಇಲ್ಲಿ ಪ್ರಾಮ್ ನಡೆಸುವ ಶಾಲೆಗಳು ಕೆಲವೇ. ಪೋಷಕರು ಬಹುಪಾಲು ಉಳ್ಳವರು. ಆದರೆ ಅದೇ ತರಗತಿಗಳಲ್ಲಿ ಆರ್‌ಟಿಇ ಸೀಟಿನಲ್ಲಿ ಸೇರಿ ಎಂಟನೇ ತರಗತಿ ದಾಟಿದ ಮೇಲೆ ಕಷ್ಟಪಟ್ಟು ಶುಲ್ಕ ತುಂಬುತ್ತಿರುವ ಮನೆಯ ಮಕ್ಕಳೂ ಇರಬಹುದು. ಮಿತ್ರರ ಮಾತು ಕೇಳಿ ಆಡಳಿತ ಮಂಡಳಿಗಳು ರದ್ದು ಎಂದರೆ ಆಗುವುದಿಷ್ಟೇ: ಅದೇ ತರಗತಿಯ ಅದೇ ಮಕ್ಕಳು ಯಾವುದೋ ಹೋಟೆಲಿನ ಹಾಲ್‌ನಲ್ಲಿ ಸೇರುತ್ತಾರೆ, ತಲಾ ಇಷ್ಟು ಎಂದು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಗದಿಯಾಗುತ್ತದೆ, ಕೊಡಲಾಗದ ಮನೆಯವರು ಮಗುವಿಗೆ ಜ್ವರ ಎಂದು ಬರೆಯುತ್ತಾರೆ. ಪ್ರಾಂಶುಪಾಲರನ್ನು ಕೇಳಿದರೆ ಅದು ಶಾಲೆಯ ಕಾರ್ಯಕ್ರಮವಲ್ಲ ಎನ್ನುತ್ತಾರೆ. ಶಾಲೆಯ ಸಭಾಂಗಣ, ಸಂಜೆ ಐದರಿಂದ ಎಂಟು, ಎಲ್ಲರಿಗೂ ಒಂದೇ ಊಟ, ಹೊರಗಿನ ಡಿಜೆ ಇಲ್ಲ, ಟಿಕೆಟ್ ಖರ್ಚು ಶಾಲೆಯ ಲೆಕ್ಕದಲ್ಲಿ: ರದ್ದತಿಯ ಸುತ್ತೋಲೆ ಬರೆಯುವಷ್ಟೇ ಹೊತ್ತಿನಲ್ಲಿ ಇದನ್ನೂ ಬರೆಯಬಹುದು.