ನಿತ್ಯದ ರೊಟ್ಟಿ, ಋತುವಿನ ಪಲ್ಯ

"ದಿನವೂ ಅದೇ ಊಟವೇ?" ಎಂದು ವಿದ್ಯಾರ್ಥಿಗಳು ಮೂಗು ಮುರಿಯುವುದನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿತು. ಔರಾದ ಸೀಮೆಯ ಎಕಂಬಾದಂತಹ ಗ್ರಾಮಗಳಲ್ಲಿ ಜೋಳದ ರೊಟ್ಟಿಯು ನಿತ್ಯವಾದುದು. ಅದರ ಸಂಗಡಿಗರು ನಿತ್ಯರಲ್ಲ. ಇಂದು ತೊಗರಿಬೇಳೆ, ನಾಳೆ ಹೆಸರು, ನಾಡಿದ್ದು ಪುಂಡಿಪಲ್ಯ. ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯೊಂದರಲ್ಲಿಯೇ ಹಸಿಕಾಳು, ಸೊಪ್ಪು, ಕಾಯಿಪಲ್ಯಗಳ ಸಂತೆ ನೆರೆದಿರುತ್ತದೆ. (ಎಣ್ಣೆಯಲ್ಲಿ ಕರಿದ ಪಟ್ಟಣದ ಭಜ್ಜಿಯೆಂದು ವಾಚಕರು ಭ್ರಮಿಸಬಾರದು!)

ಇದು ಕೇವಲ ನಾಲಗೆಯ ಚಾಪಲ್ಯವಲ್ಲ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ನಮ್ಮ ಅಜ್ಜಿಯರು ಆ ಹೆಸರನ್ನು ಕೇಳದೆಯೇ ಅದನ್ನು ಬಡಿಸಿದ್ದರು.

ಈಗಲಾದರೋ ಹೆಸರು-ಉದ್ದು ಬೆಳೆಯುತ್ತಿದ್ದ ಎಷ್ಟೋ ಹೊಲಗಳನ್ನು ಸೋಯಾ ಆಕ್ರಮಿಸಿದೆ. ಅದು ಎಣ್ಣೆಯ ಗಿರಣಿಗೆ ಹೋಗುವುದೇ ಹೊರತು ನಮ್ಮ ತಾಟಿಗೆ ಬರುವುದು ವಿರಳ. 2002ರಲ್ಲಿ ಬೀದರವೂ ಸೇರಿ ಏಳು ಜಿಲ್ಲೆಗಳಲ್ಲಿ ಆರಂಭವಾದ ಶಾಲಾ ಬಿಸಿಯೂಟವು ಮಕ್ಕಳ ಹಸಿವನ್ನು ನೀಗಿತು. ಆ ಉಪಕಾರ ದೊಡ್ಡದು. ಆದರೆ ಅಲ್ಲಿಯೂ ಪ್ರಸಾದನಿಲಯಗಳಲ್ಲಿಯೂ ಅನ್ನ-ಸಾಂಬಾರೇ ಪ್ರಧಾನವಾಯಿತು. ಈ ಏಕತಾನತೆ ರೊಟ್ಟಿಯದರಂತಲ್ಲ. ಇದಕ್ಕೆ ಋತುವಿನ ಪರಿವೆಯೇ ಇಲ್ಲ.

ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ನಾವೆಲ್ಲ ಜೋಳ-ಸಜ್ಜೆಗಳನ್ನು ಹಾಡಿ ಹೊಗಳಿದೆವು. ಹೊಗಳಿಕೆಯಿಂದ ರೊಟ್ಟಿ ಬೇಯದು. ಅನ್ನ ಒಂದೇ ಕಡಾಯಿಯಲ್ಲಿ ಕುದಿಯುತ್ತದೆ, ರೊಟ್ಟಿಗೆ ಕೈಗಳು ಬೇಕು, ತೊಡಕಿರುವುದು ಇಲ್ಲಿಯೇ. ಪುಣ್ಯತಿಥಿಗೆ ಸಿಹಿಯೂಟ ಹಾಕಿಸುವ ದಾನಿಗಳು, ಒಂದು ವರ್ಷ ಆ ಹಣವನ್ನು ಜೋಳದ ಚೀಲಗಳಿಗೂ ರೊಟ್ಟಿ ಬಡಿಯುವ ತಾಯಂದಿರ ಸಂಬಳಕ್ಕೂ ಕೊಟ್ಟು ನೋಡಬಾರದೇಕೆ?